ಒಡಪಿನೊಳಗಿನ ಹೆಸರು

ಮೊನ್ನೆ ಪಂಚಾಯ್ತಿಯವರು ನಮ್ಮ ಬೀದಿಯ ಚರಂಡಿಗೆ ಬ್ಲೀಚಿಂಗ್ ಪುಡಿ ಎರಚಿ ಹೋದರು. ಆ ವಾಸನೆ ಬಾಗಿಲು ದಾಟಿ ಒಳಗೆ ಬಂದಾಗ ನಾನು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದೆ. ಕೈ ನಿಂತುಹೋಯಿತು. ಹೊನ್ನಾಳಿಯ ಆ ಕೋಣೆ, ಮೂಲೆಯಲ್ಲಿ ಪೇರಿಸಿಟ್ಟ ಪುಡಿಯ ಚೀಲಗಳು, ನೆಲಕ್ಕೆ ಹಾಸಿದ ನೀಲಿ ಚಾಪೆ, ಅದರ ಮೇಲೆ ನಮಗೆ ಬೆನ್ನು ಮಾಡಿ ಕೂತ ಮೂರು ವರ್ಷದ ಮಗು ಕಣ್ಣ ಮುಂದೆ ಬಂದವು.

ಅದೇ ಹೊತ್ತಿಗೆ, ರಜೆಗೆ ಬಂದಿದ್ದ ಮೊಮ್ಮಕ್ಕಳು ನೀವು ಅಂಗಳದಿಂದ ದೂರು ತಂದಿರಿ. "ಅಜ್ಜಿ, ಶಿವಣ್ಣನಿಗೆ ಸೊಕ್ಕು. ಮೂರು ಸಲ ಕರೆದ್ರೂ ತಿರುಗಲ್ಲ" ಎಂದಿರಿ. ಬಾಯಿಬಿಟ್ಟು ಹೇಳುವುದು ನನಗೆ ಚಿಕ್ಕಂದಿನಿಂದಲೂ ಕಷ್ಟ. ಜಗಳೂರು ಕಡೆಯ ನನ್ನ ತವರು ಬಿಳಿಚೋಡಿನ ಶಾಲೆಯಲ್ಲಿ ಏಳನೇ ತರಗತಿವರೆಗೆ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ. ಅದಕ್ಕೇ ಬರೆಯುತ್ತಿದ್ದೇನೆ. ನೀವು ಮೂರು ಸಲ ಕರೆದಿರಿ. ನಾನು ಒಂದು ಮಳೆಗಾಲವಿಡೀ ಕರೆದೆ.

ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಸೊಸೆ ಮಾವನ ಹೆಸರು ಹೇಳುವುದಿಲ್ಲ. ಈಗಿನವರು ಬಿಟ್ಟಿದ್ದಾರೆ, ನಮ್ಮ ಮನೆಯಲ್ಲಿ ಬಿಟ್ಟಿರಲಿಲ್ಲ. ರೇಷನ್ ಕಾರ್ಡಿನವರು ಬಂದು "ಯಜಮಾನ್ರ ಹೆಸರೇನಮ್ಮ" ಎಂದರೆ ನಾನು ಪಕ್ಕದ ಮನೆಯ ಗೌರಕ್ಕನ ಕಡೆ ನೋಡುತ್ತಿದ್ದೆ, ಗೌರಕ್ಕ ಹೇಳುತ್ತಿದ್ದಳು. ಹೆಸರು ಹೇಳಲು ನಮಗೆ ಇದ್ದದ್ದು ಒಂದೇ ದಾರಿ, ಒಡಪು. ಮದುವೆ ಸೋಬಾನೆಗಳಲ್ಲಿ ಬಾಗಿಲಿಗೆ ಅಡ್ಡ ನಿಂತು "ಗಂಡನ ಹೆಸರು ಹೇಳಿ ಒಳಗೆ ಹೋಗು" ಎಂದು ಕಾಡಿದರೆ, ಎರಡು ಮೂರು ಸಾಲು ಪದ ಕಟ್ಟಿ ಅದರ ಕೊನೆಯಲ್ಲಿ ಹೆಸರನ್ನು ಇಟ್ಟು ಓಡಿಹೋಗುವುದು. ನನ್ನ ಸೋದರತ್ತೆ ಕಲಿಸಿದ್ದ ಒಡಪು ಇದು:

ಬಿಳಿಜೋಳದ ರೊಟ್ಟಿಗೆ ಬೆಣ್ಣೆ ಚಂದ,
ಎರೆಹೊಲಕ್ಕೆ ಹಿಂಗಾರಿ ಮಳೆ ಚಂದ,
ನಾ ಬಂದ ಮನೆಗೆ ಶಿವಾನಂದ.

ನಿಮ್ಮ ಅಜ್ಜ ತೀರಿಕೊಂಡ ಮರುವರ್ಷ ಮೊಮ್ಮಗ, ನಿಮ್ಮ ಶಿವಣ್ಣ, ಹುಟ್ಟಿದ. ಅಜ್ಜನ ಹೆಸರನ್ನೇ ಇಟ್ಟರು. ಇಟ್ಟವರು ಗಂಡಸರು, ಸಾಕಿದವರು ನಾನು ಮತ್ತು ಸೊಸೆ ಸುಧಾ. ಇಬ್ಬರ ಬಾಯಿಗೂ ಆ ಹೆಸರು ಬರುವಂತಿಲ್ಲ. ನಾನು "ಯಜಮಾನ" ಎನ್ನುತ್ತಿದ್ದೆ. ಸುಧಾ "ಪುಟ್ಟ" ಎನ್ನುತ್ತಿದ್ದಳು. ಮಗ ಬಸವರಾಜ, ಅದೇ ನಿಮ್ಮಲ್ಲಿ ಕೆಲವರಿಗೆ ದೊಡ್ಡಪ್ಪ, ಕೆಲವರಿಗೆ ಮಾವ, ಹಿಟ್ಟಿನ ಗಿರಣಿಯಿಂದ ಬಂದು "ಏ ಮರಿ" ಎನ್ನುತ್ತಿದ್ದ. ಮಗು ಯಾವುದಕ್ಕೂ ತಿರುಗುತ್ತಿರಲಿಲ್ಲ.

ಅವನಿಗೆ ಎರಡು ತುಂಬಿದ ವರ್ಷ ಊರ ಅಂಗನವಾಡಿಗೆ ಒಬ್ಬ ಡಾಕ್ಟರಮ್ಮ ಬಂದರು. ಮಕ್ಕಳ ತೂಕ ನೋಡುವ ದಿನ ಅದು. ಅವರು ತೂಕ ನೋಡಲು ಬಂದವರಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಂದು ಊರೂರಿನ ಅಂಗನವಾಡಿ ತಿರುಗಿ ಒಂದೇ ಮಾತು ಹೇಳುತ್ತಿದ್ದರಂತೆ. ನಮ್ಮಲ್ಲೂ ಅದನ್ನೇ ಹೇಳಿದರು.

"ಕಾಯಬೇಡ್ರಿ. ಮಾತು ಬರುತ್ತೆ, ಬರುತ್ತೆ ಅಂತ ಕಾದು ಐದಾರು ವರ್ಷಕ್ಕೆ ಕರ್ಕೊಂಡು ಬರ್ತೀರಿ. ಮಗು ನಿಮ್ಮ ಮುಖ ನೋಡ್ತೈತಾ, ಕರೆದ್ರೆ ತಿರುಗ್ತೈತಾ, ಅದನ್ನ ಈಗ್ಲೇ ನೋಡ್ರಿ."

ಮಗು ಗೋಡೆ ಕಡೆ ಮುಖ ಮಾಡಿ ಒಂದು ಡಬ್ಬಿಯ ಮುಚ್ಚಳ ತಿರುಗಿಸುತ್ತಾ ಕೂತಿತ್ತು. ಡಾಕ್ಟರಮ್ಮ ಅವನನ್ನೇ ನೋಡುತ್ತಾ, "ಅಜ್ಜಿ, ಹೆಸರು ಹಿಡಿದು ಕರೀರಿ" ಎಂದರು.

ನಾನು ಸೆರಗು ಬಾಯಿಗೆ ಇಟ್ಟುಕೊಂಡೆ. ಗೌರಕ್ಕ ಪಕ್ಕದಿಂದ, "ಅದು ಅವಳ ಗಂಡನ ಹೆಸ್ರು ಮೇಡಂ. ಹೆಂಗೆ ಕರೀತಾಳೆ? ಬಾಗ್ಲಿಗೆ ಅಡ್ಡ ನಿಂತ್ಕಳ್ರಿ, ಒಡಪು ಹಾಕಿ ಹೇಳ್ತಾಳೆ" ಎಂದಳು. ಹೆಂಗಸರೆಲ್ಲ ನಕ್ಕರು. ಡಾಕ್ಟರಮ್ಮನೂ ನಕ್ಕರು. ಆಮೇಲೆ ನಗು ನಿಲ್ಲಿಸಿ, "ಹಂಗಾದ್ರೆ ಈ ಮಗುಗೆ ತನ್ನ ಹೆಸರೇ ಗೊತ್ತಿಲ್ಲ ಅನ್ರಿ. ಒಂದು ವಾರ ಹೆಸರಿಂದ ಕರೀರಿ. ಆಗ್ಲೂ ತಿರುಗಲಿಲ್ಲ ಅಂದ್ರೆ ತಡ ಮಾಡದೆ ನನ್ನ ಹತ್ರ ಬರ್ರಿ" ಎಂದರು.

ಎರಡು ಮಾತಿನಲ್ಲಿ ನಾನು ಮೊದಲನೆಯದನ್ನು ಮಾತ್ರ ಮನೆಗೆ ತಂದೆ. ಮಗುವಿಗೆ ತನ್ನ ಹೆಸರು ಗೊತ್ತಿಲ್ಲ, ಅದಕ್ಕೇ ತಿರುಗುವುದಿಲ್ಲ, ಬೇರೇನೂ ಇಲ್ಲ. ಅವರು ನನಗೆ ಕೊಟ್ಟದ್ದು ಕೆಲಸ. ನಾನು ಅದನ್ನು ಸಮಾಧಾನ ಮಾಡಿಕೊಂಡೆ. ಸುಧಾ ಹೋಗೋಣ ಎಂದಾಗಲೆಲ್ಲ "ನಾವು ಯಾವತ್ತಾದ್ರೂ ಹೆಸರು ಹಿಡಿದು ಕರೆದಿದ್ದೀವೇನೇ?" ಎಂದು ಬಾಯಿ ಮುಚ್ಚಿಸಿದೆ. ಬಸವರಾಜ, "ನಮ್ಮಪ್ಪನೂ ನಾಲ್ಕು ವರ್ಷಕ್ಕೆ ಮಾತಾಡಿದ್ದಂತೆ, ಅಲ್ವೇನವ್ವ?" ಎಂದರೆ "ಹೂಂ" ಎಂದೆ. ಹಾಗೆಂದು ನನಗೆ ಯಾರೂ ಹೇಳಿರಲಿಲ್ಲ. ಒಂದೂವರೆ ವರ್ಷದವನಿದ್ದಾಗ ಅವನು "ಅವ್ವ", ನೀರಿಗೆ "ನೀ" ಎನ್ನುತ್ತಿದ್ದ. ಆ ಎರಡೂ ಮಾತು ಎರಡು ತುಂಬಿದ ಮೇಲೆ ಹೋದವು. ಹೋದದ್ದು ನನಗೆ ಗೊತ್ತಾಯಿತು. ಯಾರಿಗೂ ಹೇಳಲಿಲ್ಲ.

ಮರುವರ್ಷ ಕಾರಹುಣ್ಣಿಮೆ ಆದ ಮೇಲೆ ಒಂದು ದಿನ ಜೋರು ಮಳೆ ಬಂದು ನಿಂತಿತ್ತು. ಮಗು ಬಾಗಿಲು ದಾಟಿ ಬೀದಿಯ ನೀರಿಗೆ ಇಳಿಯಿತು. ಆ ಕಡೆಯಿಂದ ಮೆಕ್ಕೆಜೋಳದ ಬೀಜ ಹೇರಿಕೊಂಡ ಟ್ರ್ಯಾಕ್ಟರ್ ಬರುತ್ತಿತ್ತು. ನಾನು ಜಗಲಿಯಿಂದ ಕೂಗಿದೆ, ಯಜಮಾನ, ಪುಟ್ಟ, ಮರಿ, ಬಾಯಿಗೆ ಬಂದದ್ದೆಲ್ಲ. ಅವನು ನೀರಿನಲ್ಲಿ ಬೆರಳು ಆಡಿಸುತ್ತಾ ನಿಂತಿದ್ದ. ಗೌರಕ್ಕ ಓಡಿ ಹೋಗಿ ರಟ್ಟೆ ಹಿಡಿದು ಎಳೆದಳು. ಟ್ರ್ಯಾಕ್ಟರಿನವನು ಬೈದುಕೊಂಡು ಹೋದ.

ಆ ಸಂಜೆ ಸುಧಾ ಶಾಲೆಯ ಬಿಸಿಯೂಟದ ಕೆಲಸ ಮುಗಿಸಿ ಬಂದವಳು ಕೂರಲೂ ಇಲ್ಲ. "ಅತ್ತೆ, ನಾಳೆ ಗುರುವಾರ. ಡಾಕ್ಟರಮ್ಮ ಹೊನ್ನಾಳಿಗೆ ಬರ್ತಾರೆ. ನಾನು ಹೋಗಾಕಿ. ನೀವು ಬಂದ್ರೆ ಬರ್ರಿ" ಎಂದಳು.

ಬಸ್ಸಿನಲ್ಲಿ ಅವಳು ಮಗುವಿನ ಕಿವಿಯ ಹತ್ತಿರ ಬಾಯಿ ಇಟ್ಟು ಮಾವನ ಹೆಸರು ಹೇಳಿದಳು. ಹೇಳಿದ ತಕ್ಷಣ ಎರಡೂ ಗಲ್ಲ ಬಡಿದುಕೊಂಡಳು. ಮತ್ತೆ ಹೇಳಿದಳು, ಮತ್ತೆ ಬಡಿದುಕೊಂಡಳು. ನಾನು ಕಿಟಕಿ ಆಚೆ ನೋಡುತ್ತಾ ಕೂತೆ.

ಹೊನ್ನಾಳಿಯಲ್ಲಿ ಡಾಕ್ಟರಮ್ಮ ಯಾರ್ಯಾರ ಕೈಕಾಲು ಹಿಡಿದೋ ಒಂದು ಹಳೆ ಕಟ್ಟಡದ ಉಗ್ರಾಣದ ಕೋಣೆ ಪಡೆದಿದ್ದರು. ದೀಪಾವಳಿಯವರೆಗೆ ಮಾತ್ರ ಎಂದು ಕೊಟ್ಟಿದ್ದರು. ಅಲ್ಲಿ ಮಗುವನ್ನು ಒಂದು ಗಂಟೆ ಆಡಿಸಿ ನೋಡಿದರು, ಕಿವಿ ಪರೀಕ್ಷೆಗೆ ಕಳಿಸಿದರು. ಕಿವಿ ಚೆನ್ನಾಗಿತ್ತು. ನಾಲ್ಕನೇ ಗುರುವಾರ ಆಟಿಸಂ ಎಂದರು. ಆಟದ ಹೆಸರೇನೋ ಎಂದುಕೊಂಡು ನಾನು ತಲೆ ಆಡಿಸಿದೆ. ಸುಧಾ ಅಳುವುದನ್ನು ನೋಡಿದ ಮೇಲೆ ಆಟವಲ್ಲ ಎಂದು ತಿಳಿಯಿತು.

"ಕಾಯಿಲೆ ಅಲ್ಲಮ್ಮ ಇದು. ಅವನ ಮನಸ್ಸು ಇರೋದೇ ಬೇರೆ ಥರ. ನಾವು ಅವನ ದಾರಿಗೆ ಹೋಗಿ ಕೈ ಹಿಡಿಬೇಕು, ಎಷ್ಟು ಬೇಗ ಹೋಗ್ತೀವೋ ಅಷ್ಟು ಒಳ್ಳೇದು. ದಿನವಿಡೀ ಜೊತೆಗೆ ಯಾರಿರ್ತೀರಿ?" ಎಂದರು ಡಾಕ್ಟರಮ್ಮ.

"ಅತ್ತೆ" ಎಂದಳು ಸುಧಾ.

"ಹಂಗಾದ್ರೆ ಅಜ್ಜಿ ಬಾಯಲ್ಲೇ ಹೆಸರು ಬರ್ಬೇಕು. ಹತ್ತು ಹೆಸರು ಬೇಡ, ಒಂದೇ ಹೆಸರು. ಊಟಕ್ಕೆ, ಸ್ನಾನಕ್ಕೆ, ಆಟಕ್ಕೆ, ಎದುರಿಗೆ ಕೂತು ಕರೀರಿ. ತಿರುಗಿದ್ರೆ ಅವನಿಗೆ ಇಷ್ಟ ಆಗಿದ್ದು ತಕ್ಷಣ ಕೊಡ್ರಿ."

ಎರಡು ವಾರ ನನಗೆ ಆಗಲಿಲ್ಲ. ಮಗುವಿನ ಎದುರು ಕೂತರೆ ಬಾಯಿಗೆ ಯಜಮಾನ ಎಂದೇ ಬರುತ್ತಿತ್ತು. ಹೆಸರು ಹೇಳಿದರೆ ಗಂಡನ ಆಯುಷ್ಯ ಕಡಿಮೆ ಎನ್ನುತ್ತಿದ್ದರು. ಆಯುಷ್ಯ ಮುಗಿದೇ ಹೋದವರ ಹೆಸರು ಹೇಳಲು ಇನ್ನೇನು ಭಯ ಎಂದು ನನ್ನನ್ನೇ ಕೇಳಿಕೊಂಡೆ. ಆದರೂ ಬರಲಿಲ್ಲ. ಗುರುವಾರ ಕೋಣೆಯಲ್ಲಿ ಡಾಕ್ಟರಮ್ಮ "ಕರೆದ್ರಾ ಅಜ್ಜಿ?" ಎಂದರೆ ಸುಳ್ಳು ಹೇಳಿದೆ. ಅವರಿಗೆ ಗೊತ್ತಾಯಿತು. "ಈಗ ನನ್ನೆದುರಿಗೆ ಕರೀರಿ" ಎಂದು ಚಾಪೆಯ ಮೇಲೆ ಕೂರಿಸಿದರು.

ಸೆರಗು ಮುಖದ ಮೇಲೆ ಎಳೆದುಕೊಂಡೆ. ಬರೀ ಹೆಸರು ಬರಲಿಲ್ಲ. ಒಡಪು ಬಂತು. ಬಿಳಿಜೋಳದ ರೊಟ್ಟಿಯಿಂದ ಶುರುವಾಗಿ ಒಂದೇ ಉಸಿರಿಗೆ ಹೆಸರಿನವರೆಗೆ ಓಡಿದೆ.

ಸುಧಾ ಕೂಗಿದಳು, "ಅತ್ತೆ, ನೋಡ್ರಿ."

ಸೆರಗು ತೆಗೆದೆ. ಮಗು ತಿರುಗಿತ್ತು. ನನ್ನ ಮುಖ ಅಲ್ಲ, ಬಾಯಿಯನ್ನು ನೋಡುತ್ತಿತ್ತು. ಡಾಕ್ಟರಮ್ಮ ಅವನಿಗೆ ಮುಚ್ಚಳ ಕೊಟ್ಟರು. ಮತ್ತೆ ಹೇಳಿದೆ. ಮತ್ತೆ ತಿರುಗಿತು.

ಅವತ್ತು ಮನೆಗೆ ಬಂದಾಗ ಬಸವರಾಜ ಗಿರಣಿ ನಿಲ್ಲಿಸಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಂದ. ಹೆಸರಿಗೆ ತಿರುಗಿದ ಎಂದು ಬೀದಿಗೆಲ್ಲ ಹೇಳಿದ. ಒಂದು ವಾರ ನಾನು ಜಗಲಿಯ ಮೇಲೆ ಕೂತು ಒಡಪು ಹೇಳಿದ್ದೇ ಹೇಳಿದ್ದು. ಗಂಡ ಸತ್ತವಳು ಮುತ್ತೈದೆಯರ ಪದ ಹೇಳುವುದನ್ನು ಕೇಳಿ ಜನ ನಿಂತು ನೋಡಿ ಹೋಗುತ್ತಿದ್ದರು. ಗೌರಕ್ಕ, "ಏನಕ್ಕ, ಮತ್ತೆ ಮದುವೆ ಮಾಡ್ಕಳಾಕೆ ಹೊಂಟಿಯೇನು? ಗಂಡು ಯಾವೂರದು?" ಎಂದಳು. "ಗಂಡು ಇಲ್ಲೇ ಕೂತೈತೆ, ಅದು ಒಪ್ಪಂಗಿಲ್ಲ" ಎಂದೆ. ಅಷ್ಟು ಧೈರ್ಯ ಬಂದಿತ್ತು ನನಗೆ.

ಮುಂದಿನ ಗುರುವಾರ ಡಾಕ್ಟರಮ್ಮ ಒಡಪು ಕೇಳಿದರು, ಮಗು ತಿರುಗಿದ್ದು ನೋಡಿದರು. ಆಮೇಲೆ ಹೇಳಿದರು, "ಅಜ್ಜಿ, ಬೇಜಾರ್ ಮಾಡ್ಕಬೇಡ್ರಿ. ಹೆಸರಿರೋ ಜಾಗಕ್ಕೆ ಬೇರೆ ಹೆಸರು ಹಾಕಿ ಒಂದ್ಸಲ ಹೇಳ್ರಿ."

"ಬೇರೆ ಹೆಸರಾ?"

"ಯಾವುದಾದ್ರೂ. ಚಿದಾನಂದ ಅನ್ರಿ."

ನನ್ನ ಒಡಪಿನಲ್ಲಿ ಇನ್ನೊಬ್ಬ ಗಂಡಸಿನ ಹೆಸರು. ಸುಧಾ ನನ್ನ ಮುಖ ನೋಡಿ ನಗು ತಡೆಯಲಾರದೆ ಗೋಡೆಗೆ ತಿರುಗಿದಳು. ನಾನು ಕಣ್ಣು ಮುಚ್ಚಿ ಹೇಳಿದೆ: ಬಿಳಿಜೋಳದ ರೊಟ್ಟಿಗೆ ಬೆಣ್ಣೆ ಚಂದ, ಎರೆಹೊಲಕ್ಕೆ ಹಿಂಗಾರಿ ಮಳೆ ಚಂದ, ನಾ ಬಂದ ಮನೆಗೆ ಚಿದಾನಂದ.

ಮಗು ತಿರುಗಿತು.

ಸುಧಾಳ ನಗು ನಿಂತಿತು. ಅವನು ತಿರುಗುತ್ತಿದ್ದದ್ದು ಹಾಡಿನ ಓಟಕ್ಕೆ. ಹೆಸರು ಅವನಿಗೆ ತಲುಪಿಯೇ ಇರಲಿಲ್ಲ. ಬೀದಿಗೆಲ್ಲ ಹೇಳಿಕೊಂಡು ಬಂದಿದ್ದೆವು.

"ಅಳಬೇಡ್ರಿ. ಹೋದ ತಿಂಗಳು ಯಾವುದಕ್ಕೂ ತಿರುಗ್ತಿರಲಿಲ್ಲ, ಈಗ ಇದಕ್ಕೆ ತಿರುಗ್ತಾನೆ" ಎಂದು ಡಾಕ್ಟರಮ್ಮ ಒಂದು ಹಾಳೆ ತೆಗೆದು ಒಡಪನ್ನು ದೊಡ್ಡ ಅಕ್ಷರದಲ್ಲಿ ಬರೆದರು. ಮೊದಲ ಪದದ ಮೇಲೆ ಗೀಟು ಎಳೆದರು. "ಹೆಸರು ಕೊನೇಲಿ ಬಂದಿದ್ದು ನಮ್ಮ ಪುಣ್ಯ. ಮುಂದಿನಿಂದ ಒಂದೊಂದೇ ಪದ ಕಳೀರಿ. ಒಂದು ಪದ ಕಳೆದು, ಅದಕ್ಕೆ ಅವನು ತಿರುಗೋವರೆಗೂ ಮುಂದಕ್ಕೆ ಹೋಗಬೇಡ್ರಿ. ಕಡೆಗೆ ಹೆಸರೊಂದೇ ಉಳೀಬೇಕು."

ನನ್ನ ಆ ಮಳೆಗಾಲ ಎಂದರೆ ಇಷ್ಟೇ, ಮಕ್ಕಳೇ. ಬಿಳಿಜೋಳ ಹೋಯಿತು, ರೊಟ್ಟಿ ಹೋಯಿತು. ಬೆಣ್ಣೆ ಹೋಗಲು ಹತ್ತು ದಿನ ಬೇಕಾಯಿತು. ಹೊಲಗಳಲ್ಲಿ ಮೆಕ್ಕೆಜೋಳ ಮೊಣಕಾಲುದ್ದ ಆಯಿತು, ಆಳುದ್ದ ಆಯಿತು. ಎರೆಹೊಲ ಕಳೆದ ವಾರ ಅವನಿಗೆ ಜ್ವರ ಬಂದು ಎಲ್ಲ ಮರೆತ. ಮತ್ತೆ ರೊಟ್ಟಿಯಿಂದ ಶುರು ಮಾಡಿದೆ. ಪ್ರತಿ ಗುರುವಾರ ಬಸ್ಸು. ಗಿರಣಿಯ ಸದ್ದಿಗೆ ಕಿವಿ ಮುಚ್ಚಿಕೊಳ್ಳುವ ಮಗು ಬಸ್ಸಿನ ಹಾರನ್ನಿಗೆ ತಲೆಯನ್ನು ಸೀಟಿಗೆ ಚಚ್ಚಿಕೊಳ್ಳುತ್ತಿತ್ತು. ನಾನು ಅಂಗೈಯನ್ನು ನಡುವೆ ಇಡುತ್ತಿದ್ದೆ. ಜನ "ಹಠಮಾರಿ, ಒಂದು ಬಾರಿಸ್ರಿ" ಎನ್ನುತ್ತಿದ್ದರು.

ಕೋಣೆಗೆ ಜಗಳೂರಿನ ಕಡೆಯ ಒಬ್ಬ ತಾಯಿ ಬರುತ್ತಿದ್ದಳು. ಮೂರು ಬಸ್ಸು ಬದಲಾಯಿಸಿ ಬರಬೇಕು ಅವಳು. ಅವಳ ಮಗಳಿಗೆ ಎಂಟು ವರ್ಷ. ನನ್ನ ತವರಿನ ಕಡೆಯವಳು ಎಂದು ಮಾತಾಡಿಸಿದೆ. "ನಿಮ್ಮ ಹುಡುಗನಿಗೆ ಎಷ್ಟು ವರ್ಷ?" ಎಂದಳು. ಮೂರೂ ಚಿಲ್ಲರೆ ಎಂದೆ. ಅವಳು ನನ್ನನ್ನು ನೋಡಿದ ನೋಟದಲ್ಲಿ ಹೊಟ್ಟೆಕಿಚ್ಚಿತ್ತು. "ನಮಗೆ ಈ ಡಾಕ್ಟರಮ್ಮ ಸಿಕ್ಕಿದ್ದೇ ಹೋದ ವರ್ಷ. ಅಲ್ಲೀತಂಕ ಎಲ್ರೂ ಹರಕೆ ಕಟ್ಕಳ್ರಿ ಅಂದ್ರು. ನಿಮಗೆ ಯಾವಾಗ ಹೇಳಿದ್ರು?" ಎಂದು ಕೇಳಿದಳು. ನನಗೆ ಎರಡಕ್ಕೇ ಹೇಳಿದ್ದರು. ನೀರು ಕುಡಿಯುವ ನೆಪದಲ್ಲಿ ಎದ್ದು ಹೋದೆ.

ದೀಪಾವಳಿಗೆ ಒಂದು ವಾರ ಇರುವಾಗ ಒಡಪಿನಲ್ಲಿ ಎರಡೇ ಪದ ಉಳಿದಿದ್ದವು. "ಮನೆಗೆ ಶಿವಾನಂದ" ಎಂದರೆ ತಿರುಗುತ್ತಿದ್ದ, ಎಲ್ಲ ಸಲ ಅಲ್ಲ. ಹೆಸರೊಂದೇ ಹೇಳಿದರೆ ಇಲ್ಲ. ಕೋಣೆಯ ಅವಧಿ ಮುಗಿಯುತ್ತಿತ್ತು. ಕೋಣೆ ಹೋದರೆ ಡಾಕ್ಟರಮ್ಮ ಕೂರುವುದು ಎಲ್ಲಿ, ನಮಗೆ ಮುಂದಿನ ಪದ ಹೇಳಿಕೊಡುವವರು ಯಾರು?

ಕೋಣೆ ಕೊಟ್ಟಿದ್ದ ಇಲಾಖೆಯವರು ಚನ್ನಗಿರಿಯಲ್ಲಿ ಒಂದು ಸಭೆ ಕರೆದಿದ್ದರು. ಕೋಣೆ ಬೇಕು ಎನ್ನುವ ತಾಯಂದಿರು ಬನ್ನಿ ಎಂದು ಡಾಕ್ಟರಮ್ಮ ಕೇಳಿಕೊಂಡಿದ್ದರಿಂದ ಆರೇಳು ಜನ ಹೋದೆವು. ಉದ್ದನೆಯ ಮೇಜಿನ ಆಚೆ ಸಾಹೇಬರು, ಈಚೆ ನಿಂತುಕೊಂಡು ಡಾಕ್ಟರಮ್ಮ. ಸಾಹೇಬರು ಕೆಟ್ಟವರಲ್ಲ, ದಣಿದಿದ್ದರು. ಕಾಗದ ತಿರುವಿ, "ಐದು ತಿಂಗಳಾಯ್ತಲ್ಲ ಮೇಡಂ, ಎಷ್ಟು ಮಕ್ಕಳು ಗುಣ ಆದ್ವು?" ಎಂದರು.

"ಗುಣ ಮಾಡೋ ಕಾಯಿಲೆ ಅಲ್ಲ ಸರ್ ಇದು."

"ಗುಣ ಆಗಲ್ಲ ಅಂದ್ಮೇಲೆ ಕೋಣೆ ಯಾತಕ್ಕೆ?"

ಡಾಕ್ಟರಮ್ಮ ವಿವರಿಸಿದರು. ಒಬ್ಬರು ಮೊಬೈಲು ನೋಡುತ್ತಿದ್ದರು, ಒಬ್ಬರು ಟೀ ಬಂತಾ ಎಂದು ಬಾಗಿಲ ಕಡೆ ನೋಡುತ್ತಿದ್ದರು. ಊರೂರು ತಿರುಗಿ ಹೇಳಿದ ಅದೇ ಮಾತನ್ನು ಇಲ್ಲಿ ಅರ್ಧಕ್ಕೇ ನಿಲ್ಲಿಸಿದರು. ಅವರು ಹಿಂದೆ ತಿರುಗಿ ನಮ್ಮ ಕಡೆ ನೋಡಿದರು. ತಾಯಂದಿರು ತಲೆ ತಗ್ಗಿಸಿದರು. ನಾನೂ ತಗ್ಗಿಸಿದೆ. ಆಮೇಲೆ ಹೇಗೆ ಎದ್ದು ನಿಂತೆನೋ ಗೊತ್ತಿಲ್ಲ. ಎದ್ದ ಮೇಲೆ ಕೂರಲು ನಾಚಿಕೆಯಾಯಿತು.

"ಸ್ವಾಮಿ, ಈ ಅಮ್ಮ ನನಗೆ ಮೊದಲೇ ಹೇಳಿದ್ರು. ಮಗುಗೆ ಎರಡು ವರ್ಷ ಇದ್ದಾಗ. ನಾನು ಹೋಗಲಿಲ್ಲ. ಹೆಸರು ಹೇಳಾಕೆ ನಾಚಿಕೆ ಆಯ್ತು ಅಂತ ಒಂದು ವರ್ಷ ಮುಚ್ಚಿಟ್ಟೆ" ಎಂದೆ.

ಸಾಹೇಬರು ತಲೆ ಎತ್ತಿದರು. "ಮಗು ಹೆಸರೇನಮ್ಮ?"

ಗೌರಕ್ಕ ಅಲ್ಲಿರಲಿಲ್ಲ. ಸುಧಾ ಬಾಯಿ ತೆರೆದಳು, ನಾನು ಕೈ ಅಡ್ಡ ಹಿಡಿದೆ.

"ಶಿವಾನಂದ" ಎಂದೆ. ಹಿಂದೆ ರೊಟ್ಟಿಯಿಲ್ಲ, ಹೊಲವಿಲ್ಲ, ಮನೆಯಿಲ್ಲ. ಅಷ್ಟು ಗಂಡಸರ ಮುಂದೆ ನಿಮ್ಮ ಅಜ್ಜನ ಹೆಸರು.

ಸಾಹೇಬರು ಮಗುವಿನ ಕಡೆ ನೋಡಿದರು. ಮೊಬೈಲಿನವರೂ ನೋಡಿದರು. ಅವನು ಸುಧಾಳ ಕಾಲ ಬಳಿ ನೆಲದ ಮೇಲೆ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದ. ಎಲ್ಲರೂ ಕಾಯುತ್ತಿದ್ದಾರೆ ಎಂದು ತಿಳಿದು ನಾನು ಮತ್ತೆ ಕರೆದೆ. ಸಾಹೇಬರಿಗಾಗಿ ಅಲ್ಲ, ನನಗಾಗಿ ಇನ್ನೊಮ್ಮೆ ಕರೆದೆ, ಧ್ವನಿ ಒಡೆಯುವಷ್ಟು ಜೋರಾಗಿ. ಅವನು ತಿರುಗಲಿಲ್ಲ. ಮುಚ್ಚಳ ತಿರುಗುವ ಸದ್ದು ಮಾತ್ರ ಕೇಳುತ್ತಿತ್ತು.

ಡಾಕ್ಟರಮ್ಮ ಮೆಲ್ಲಗೆ ಹೇಳಿದರು, "ಸರ್, ಈ ಅಜ್ಜಿ ಒಂದು ವರ್ಷ ಮೊದಲೇ ಬಂದಿದ್ರೆ ಅಂತ ನಾನು ದಿನಾ ಅಂದ್ಕೋತೀನಿ. ಇನ್ನು ಮೇಲೆ ಬರೋ ಮಗುಗೆ ಹಂಗಾಗಬಾರ್ದು. ಕೋಣೆ ಕೇಳ್ತಿರೋದು ಅದಕ್ಕೇ."

ಅಲ್ಲಿಯವರೆಗೆ ಅವರು ನನ್ನನ್ನು ಒಂದು ದಿನವೂ ದೂರಿರಲಿಲ್ಲ. ಆಗಲೂ ದೂರಿದ್ದಲ್ಲ, ಇದ್ದದ್ದನ್ನು ಹೇಳಿದರು. ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. ಕಾಗದದ ಮೇಲೆ ಯುಗಾದಿಯವರೆಗೆ ಎಂದು ಬರೆದು ಸಹಿ ಹಾಕಿದರು. ಟೀ ಬಂತು.

ಹೊರಗೆ ತಾಯಂದಿರು ನನ್ನ ಕೈ ಹಿಡಿದುಕೊಂಡರು. ಜಗಳೂರಿನವಳು ಹಿಡಿಯಲಿಲ್ಲ, ದೂರ ನಿಂತು ಮಗಳ ತಲೆ ನೇವರಿಸುತ್ತಿದ್ದಳು. ಅವನು ತಿರುಗಿಬಿಟ್ಟಿದ್ದರೆ ಸಾಹೇಬರು ಗುಣ ಆಯಿತಲ್ಲ, ಇನ್ನೇನು ಬೇಕು ಎನ್ನುತ್ತಿದ್ದರೇನೋ. ತಿರುಗದೆ ಇದ್ದದ್ದಕ್ಕೇ ಕೋಣೆ ಉಳಿಯಿತು. ಅದಕ್ಕೆ ಸಂತೋಷಪಡುವುದು ಹೇಗೆ ಎಂದು ನನಗೆ ಅವತ್ತು ತಿಳಿಯಲಿಲ್ಲ.

ಹೊನ್ನಾಳಿಯ ಬಸ್ಸಿನಲ್ಲಿ ಅವನು ಕಿಟಕಿಗೆ ಮುಖ ಮಾಡಿ ಕೂತ. ನಾನು ಅವನ ಹಿಂದಲೆ ನೋಡುತ್ತಾ ಕರೆದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕರೆದೆ. ಟಿಕೆಟ್ ಕೊಡಲು ಬಂದ ಕಂಡಕ್ಟರ್ ಹಿಂದೆ ಮುಂದೆ ನೋಡಿ, "ಯಾರನ್ನ ಕರೀತಿದ್ದೀರಿ ಅಜ್ಜಿ? ಬಸ್ ಹತ್ತಲಿಲ್ವಾ ಅವ್ರು?" ಎಂದ.

"ನನ್ನ ಮೊಮ್ಮಗನ್ನ" ಎಂದೆ.

"ಪಕ್ಕದಲ್ಲೇ ಅದಾನಲ್ರಿ."

"ಹೂನಪ್ಪ, ಪಕ್ಕದಲ್ಲೇ ಅದಾನೆ" ಎಂದು ಮತ್ತೆ ಕರೆದೆ.